ಕಡಲಾಳಕ್ಕೆ ಡಂಗುರ

ಪಶ್ಚಿಮ ಘಟ್ಟದಲ್ಲಿ ಮಳೆ ಬಲವಾಗಿ ಸುರಿದ ವರ್ಷಗಳಲ್ಲಿ ಕೃಷ್ಣೆಯು ಎರಡೂ ದಡಗಳನ್ನು ಮುಟ್ಟಿ ಹರಿದು ಬರುತ್ತಾಳೆ. ನಾರಾಯಣಪುರದ ಬಸವಸಾಗರ ಜಲಾಶಯವು ತುಂಬಿ, ಅದರ ಬಾಗಿಲುಗಳನ್ನು ತೆರೆಯುವುದು ಅನಿವಾರ್ಯವಾಗುತ್ತದೆ. ಹಾಗೆ ತೆರೆಯುವ ಮೊದಲು ಸುರಪುರ, ಶಹಾಪುರ ಸೀಮೆಯ ಹೊಳೆದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರುವುದು ನಡೆದುಬಂದ ಪದ್ಧತಿ. ಡಂಗುರದವನು ಓಣಿಯ ಮೂಲೆಗೆ ಬಂದು ನಿಲ್ಲುತ್ತಾನೆ. ಬಂದವನೇ ಸುದ್ದಿಯನ್ನು ಹೇಳಲು ತೊಡಗುವುದಿಲ್ಲ. ಮೊದಲು ಹಲಗೆಯನ್ನು ಬಾರಿಸುತ್ತಾನೆ. ಆ ಬಡಿತ ಕೇಳಿದೊಡನೆ ರೊಟ್ಟಿ ತಟ್ಟುವವರ ಕೈ ನಿಲ್ಲುತ್ತದೆ. ಕಟ್ಟೆಯ ಮೇಲಿನ ಹರಟೆ ಅಡಗುತ್ತದೆ. ಆಮೇಲೆ ಅವನ ಕೂಗು: "ಕೇಳ್ರಪ್ಪೋ ಕೇಳ್ರಿ! ಹೊಳಿಗೆ ನೀರು ಬಿಡ್ತಾರ. ದನಾ ಕರಾ ಹೊಳಿ ಕಡೆ ಬಿಡಬ್ಯಾಡ್ರಿ. ಯಾರೂ ಹೊಳಿಗೆ ಇಳೀಬ್ಯಾಡ್ರಿ!" ಇಷ್ಟೇ. ಎಷ್ಟು ಲಕ್ಷ ಕ್ಯೂಸೆಕ್ಸ್ ನೀರು, ಎಷ್ಟು ಬಾಗಿಲುಗಳು, ಯಾರ ಆಜ್ಞೆ ಎಂಬ ವಿವರಗಳೊಂದೂ ಅದರಲ್ಲಿ ಇರುವುದಿಲ್ಲ. ಅದೇ ಮಾತನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಕೂಗಿ ಅವನು ಮುಂದಿನ ಓಣಿಗೆ ನಡೆಯುತ್ತಾನೆ.

ಸಮುದ್ರದ ಮೇಲೆ ನಿಂತ ಹಡಗಿಗೂ ಸಮುದ್ರದ ತಳಕ್ಕೆ ಇಳಿದ ಮುಳುಗುನೌಕೆಗೂ ನಡುವೆ ಮಾತುಕತೆಯನ್ನು ಏರ್ಪಡಿಸುವ ವಿದ್ಯೆಗೂ ಈ ಡಂಗುರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಯಾದಗಿರಿ ಜಿಲ್ಲೆಯು ಕಡಲನ್ನು ಕಾಣದ ನಾಡು. ಇಲ್ಲಿನ ಎಷ್ಟೋ ಮಂದಿ ಹಿರಿಯರು ಸಮುದ್ರವನ್ನು ನೋಡದೆಯೇ ಬಾಳನ್ನು ಮುಗಿಸಿದ್ದಾರೆ. ಆದರೂ ಆ ವಿದ್ಯೆಯ ಪಂಡಿತರು ಬಹುಕಾಲದ ಪ್ರಯೋಗಗಳ ನಂತರ, ಹಲವು ಜೀವಗಳ ಹಾನಿಯ ನಂತರ, ಬಂದು ನಿಂತಿರುವ ಸ್ಥಾನವು ಡಂಗುರದವನು ನಿಂತ ಓಣಿಯ ಮೂಲೆಯೇ ಆಗಿದೆ. ದೊಡ್ಡ ದನಿಯಿಂದಲೂ ಬಹಳ ಮಾತಿನಿಂದಲೂ ನಂಬಿಕೆ ಹುಟ್ಟುವುದಿಲ್ಲವೆಂಬುದನ್ನು ಅವರು ಕಲಿಯಬೇಕಾಯಿತು.

ಈ ವಿಷಯವು ಭಾರತಕ್ಕೆ ಈಗ ಕೇವಲ ಪುಸ್ತಕದ ವಿಷಯವಾಗಿ ಉಳಿದಿಲ್ಲ. ಚೆನ್ನೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 'ಮತ್ಸ್ಯ 6000' ಎಂಬ ಮುಳುಗುನೌಕೆಯ ನಿರ್ಮಾಣವನ್ನು ಕೈಗೊಂಡಿದೆ. ಮೂವರು ಮನುಷ್ಯರನ್ನು 6000 ಮೀಟರು ಆಳಕ್ಕೆ ಇಳಿಸಿ ಮರಳಿ ತರಬೇಕೆಂಬುದು ಅದರ ಗುರಿ. ಅವರು ಕುಳಿತುಕೊಳ್ಳುವ ಟೈಟಾನಿಯಮ್ ಗೋಳದ ಒಳವ್ಯಾಸ ಕೇವಲ 2.1 ಮೀಟರು, ಹಳ್ಳಿಯ ಮನೆಯ ಒಂದು ಸಣ್ಣ ಕೋಣೆಗಿಂತಲೂ ಕಿರಿದು. ಹೊರಗಿನ ನೀರಿನ ಒತ್ತಡವು ನೆಲದ ಮೇಲಿನ ಗಾಳಿಯ ಒತ್ತಡದ ಸುಮಾರು 600 ಪಟ್ಟು. ಹನ್ನೆರಡು ಗಂಟೆಗಳ ಕೆಲಸಕ್ಕೂ, ಅಪಾಯ ಒದಗಿದರೆ 96 ಗಂಟೆಗಳವರೆಗಿನ ಉಸಿರಾಟಕ್ಕೂ ಬೇಕಾದ ಸಿದ್ಧತೆ ಅದರಲ್ಲಿ ಇರುತ್ತದೆ. ಆ ಗೋಳಕ್ಕೂ ಮೇಲಿನ ಲೋಕಕ್ಕೂ ಉಳಿಯುವ ಒಂದೇ ನಂಟು ನೀರಿನ ಮೂಲಕ ಸಾಗುವ ಶಬ್ದ.

ಶಬ್ದವೇ ಏಕೆ? ಚಂದ್ರನ ಮೇಲೆ ಇಳಿದವರೊಡನೆ 1969ರಲ್ಲಿಯೇ ರೇಡಿಯೊ ಮೂಲಕ ಮಾತಾಡಿದ ಮಾನವನಿಗೆ ಆರು ಕಿಲೋಮೀಟರು ಕೆಳಗಿರುವವರೊಡನೆ ಮಾತಾಡುವುದು ಕಷ್ಟವೆ? ಕಷ್ಟವೇ ಸರಿ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವ ವಸ್ತು. ಅದು ರೇಡಿಯೊ ತರಂಗಗಳನ್ನು ಬೇಗನೆ ನುಂಗಿಬಿಡುತ್ತದೆ. ಬಹು ನಿಧಾನವಾಗಿ ಕಂಪಿಸುವ ವಿಶೇಷ ತರಂಗಗಳು ಕೂಡ ಕೆಲವು ನೂರು ಮೀಟರುಗಳ ಆಳವನ್ನು ಮುಟ್ಟುವಷ್ಟರಲ್ಲಿ ಸೋಲುತ್ತವೆ. ಬೆಳಕು ಅತ್ಯಂತ ತಿಳಿಯಾದ ನೀರಿನಲ್ಲಿಯೂ ಕೆಲವು ನೂರು ಮೀಟರುಗಳಾಚೆ ಹೋಗದು. ಹಾಗಾದರೆ ತಂತಿಯನ್ನು ಇಳಿಬಿಡಬಹುದಲ್ಲ ಎನ್ನಬಹುದು. ಮನುಷ್ಯರಿಲ್ಲದ ಯಂತ್ರಗಳನ್ನು ಹಾಗೆ ತಂತಿಯಿಂದ ಕಟ್ಟಿ ಇಳಿಸುವುದುಂಟು. ಆದರೆ ಆರು ಕಿಲೋಮೀಟರಿನ ತಂತಿಯನ್ನು ಪ್ರವಾಹವು ಎಳೆಯುತ್ತದೆ. ಅದು ಎಲ್ಲಿಯಾದರೂ ಸಿಕ್ಕಿಕೊಂಡರೆ ನೌಕೆಯೇ ಸೆರೆಯಾಗುತ್ತದೆ. ಆದುದರಿಂದ ಮನುಷ್ಯರನ್ನು ಹೊತ್ತ ನೌಕೆ ಬಿಡಿಯಾಗಿಯೇ ಇಳಿಯಬೇಕು, ಶಬ್ದವನ್ನೇ ನಂಬಬೇಕು.

ನೀರು ಶಬ್ದವನ್ನು ಚೆನ್ನಾಗಿ ಒಯ್ಯುತ್ತದೆ ಎಂಬುದು ಹೊಸ ಸಂಗತಿಯಲ್ಲ. ಬಾವಿಯಲ್ಲಿ ಈಜು ಕಲಿಯುವ ಹುಡುಗರಿಗೆ ಅದು ಗೊತ್ತು. ಒಬ್ಬನು ನೀರಿನೊಳಗೆ ಎರಡು ಕಲ್ಲುಗಳನ್ನು ಒಂದಕ್ಕೊಂದು ಕುಟ್ಟಿದರೆ, ಆಚೆಯ ಮೂಲೆಯಲ್ಲಿ ಮುಳುಗಿದವನ ಕಿವಿಯ ಬಳಿಯೇ ಕುಟ್ಟಿದಂತೆ ಕೇಳುತ್ತದೆ. ಇದನ್ನು ಅಳತೆಗೆ ತಂದವರು ಕೊಲಾಡಾನ್ ಮತ್ತು ಸ್ಟುರ್ಮ್ ಎಂಬ ಇಬ್ಬರು ವಿದ್ವಾಂಸರು. 1826ರಲ್ಲಿ ಅವರು ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು ಹದಿಮೂರು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ ನಿಲ್ಲಿಸಿದರು. ಒಂದು ದೋಣಿಯಿಂದ ನೀರಿನೊಳಗೆ ಘಂಟೆಯನ್ನು ಇಳಿಬಿಟ್ಟು ಬಾರಿಸಿದರು. ಬಾರಿಸಿದ ಕ್ಷಣದಲ್ಲಿಯೇ ಮದ್ದಿನ ಪುಡಿಯು ಹೊತ್ತಿ ಬೆಳಕು ಮಿಂಚುವಂತೆ ಮಾಡಿದರು. ಇನ್ನೊಂದು ದೋಣಿಯಲ್ಲಿದ್ದವರು ಬೆಳಕನ್ನು ಕಣ್ಣಿನಿಂದ ನೋಡಿ, ಘಂಟೆಯ ದನಿಯನ್ನು ನೀರಿಗೆ ಇಳಿಸಿದ ಕೊಳವೆಯಿಂದ ಆಲಿಸಿ, ನಡುವಿನ ಕಾಲವನ್ನು ಎಣಿಸಿದರು. ಆ ಸರೋವರದ ತಣ್ಣೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1435 ಮೀಟರು ಎಂದು ಕಂಡುಬಂತು. ಗಾಳಿಯಲ್ಲಿರುವ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಸಮುದ್ರದಲ್ಲಿ ಅದು ಸುಮಾರು 1500 ಮೀಟರು. ಈ ಪ್ರಯೋಗ ನಡೆದ ತಾಣವೂ ಕಡಲಂಚಿನದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

1500 ಮೀಟರು ಎಂಬುದು ಕೇಳಲು ದೊಡ್ಡ ವೇಗ. ಆದರೆ ಮಾತುಕತೆಗೆ ಅದು ಸಾಲದು. 6000 ಮೀಟರು ಆಳದಿಂದ ಹೊರಟ ಮಾತು ಹಡಗನ್ನು ಮುಟ್ಟಲು ನಾಲ್ಕು ಸೆಕೆಂಡು ಬೇಕು. ಉತ್ತರ ಕೆಳಗೆ ತಲುಪಲು ಮತ್ತೆ ನಾಲ್ಕು. 1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ 'ಟ್ರಿಯೆಸ್ಟ್' ಎಂಬ ನೌಕೆಯಲ್ಲಿ ಶಾಂತಸಾಗರದ ಅತ್ಯಂತ ಆಳದ ತಾಣಕ್ಕೆ, ಸುಮಾರು 10,900 ಮೀಟರು ಕೆಳಕ್ಕೆ ಇಳಿದಾಗ ಅವರ ಮಾತು ಮೇಲಕ್ಕೆ ಬರಲು ಏಳು ಸೆಕೆಂಡುಗಳು ಹಿಡಿದವು. ತಡವೊಂದೇ ತೊಂದರೆಯಾಗಿದ್ದರೆ ತಾಳ್ಮೆಯಿಂದ ಅದನ್ನು ಗೆಲ್ಲಬಹುದಿತ್ತು.

ನಿಜವಾದ ಶತ್ರು ಮಾರ್ದನಿ. ವಿಜಯಪುರದ ಗೋಲಗುಮ್ಮಟಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿರುತ್ತಾರೆ. ಒಂದು ಚಪ್ಪಾಳೆಗೆ ಹಲವು ಚಪ್ಪಾಳೆಗಳು ಮರಳಿ ಬರುತ್ತವೆ. ಒಬ್ಬನೇ ಕೂಗಿದರೆ ವಿನೋದ. ಮೂವತ್ತು ಮಂದಿ ಒಟ್ಟಿಗೆ ಕೂಗಿದರೆ ಯಾವ ಮಾತೂ ಮಾತಾಗಿ ಉಳಿಯದು. ಅಲ್ಲಿ ನಿಂತು ವೇಗವಾಗಿ ಒಂದು ವಾಕ್ಯವನ್ನು ಹೇಳಿದರೆ ಮೊದಲ ಪದದ ಮಾರ್ದನಿ ಮೂರನೆಯ ಪದದ ಮೇಲೆ ಬಂದು ಬೀಳುತ್ತದೆ. ಸಮುದ್ರವು ಇಂಥದೊಂದು ಗುಮ್ಮಟ. ಅದಕ್ಕೆ ಮೇಲ್ಗಡೆ ಅಲೆಗಳ ಮಾಡು. ಕೆಳಗಡೆ ಬಂಡೆ, ಮರಳು, ಕೆಸರುಗಳ ನೆಲ. ನೌಕೆಯಿಂದ ಹೊರಟ ಶಬ್ದದ ಒಂದು ಪಾಲು ನೇರವಾಗಿ ಹಡಗಿಗೆ ಬರುತ್ತದೆ. ಇನ್ನೊಂದು ನೆಲಕ್ಕೆ ಬಡಿದು, ಮತ್ತೊಂದು ಅಲೆಗೆ ಬಡಿದು, ಮಗದೊಂದು ಎರಡಕ್ಕೂ ಬಡಿದು ತಡವಾಗಿ ಬರುತ್ತದೆ. ಗೋಲಗುಮ್ಮಟದ ಗೋಡೆಗಳಾದರೂ ನಿಂತಲ್ಲಿ ನಿಂತಿರುತ್ತವೆ. ಸಮುದ್ರದ ಮಾಡು ಕ್ಷಣಕ್ಷಣಕ್ಕೂ ಅಲುಗಾಡುತ್ತಿರುತ್ತದೆ; ಆದ್ದರಿಂದ ಈ ಕ್ಷಣದ ಮಾರ್ದನಿಯ ಲೆಕ್ಕ ಮುಂದಿನ ಕ್ಷಣಕ್ಕೆ ಸಲ್ಲದು. ಇಲ್ಲಿ ದನಿಯನ್ನು ಎತ್ತರಿಸಿ ಫಲವಿಲ್ಲ. ಕೂಗು ದೊಡ್ಡದಾದಷ್ಟೂ ಅದರ ಮಾರ್ದನಿಯೂ ದೊಡ್ಡದಾಗುತ್ತದೆ. ಬಲದಿಂದ ಗೆಲ್ಲಬಹುದೆಂಬ ಭ್ರಮೆ ಈ ಗುಮ್ಮಟದಡಿ ಕರಗಿಹೋಗುತ್ತದೆ.

ಉಳಿದ ತೊಂದರೆಗಳೂ ಇವೆ. ಎತ್ತರದ ಶ್ರುತಿಯ ಶಬ್ದವನ್ನು ನೀರು ಬೇಗ ಹೀರಿಕೊಳ್ಳುತ್ತದೆ. ದೂರದ ಮೆರವಣಿಗೆಯಲ್ಲಿ ಡೊಳ್ಳಿನ ಸದ್ದು ಕೇಳಿ ತಾಳದ ಸದ್ದು ಕೇಳದಿರುವ ಹಾಗೆ. ಯಾದಗಿರಿಯ ನಿಲ್ದಾಣದಲ್ಲಿ ನಿಲ್ಲದೆ ಧಾವಿಸುವ ರೈಲಿನ ಸಿಳ್ಳು, ಬರುವಾಗ ಮೊನಚಾಗಿಯೂ ದಾಟಿ ಹೋಗುವಾಗ ಮಂದವಾಗಿಯೂ ಕೇಳುವಂತೆ, ತೊನೆಯುವ ಹಡಗು ಮತ್ತು ಚಲಿಸುವ ನೌಕೆಗಳ ನಡುವೆ ಶ್ರುತಿ ಕೆಡುತ್ತಿರುತ್ತದೆ. ಬೇಸಿಗೆಯ ಹಾದಿಯ ಮೇಲೆ ಬೆಳಕು ಬಾಗಿ ಬಿಸಿಲುಗುದುರೆ ಕಾಣಿಸಿಕೊಳ್ಳುವಂತೆ, ಬೆಚ್ಚನೆಯ ನೀರು ತಣ್ಣೀರುಗಳ ಪದರಗಳ ನಡುವೆ ಶಬ್ದವೂ ಬಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ನೌಕಾಪಡೆಯವರು ಒಂದು ವಿಚಿತ್ರವನ್ನು ಕಂಡರು. ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಅವರ ಶಬ್ದಯಂತ್ರಗಳು ಮಧ್ಯಾಹ್ನವಾದೊಡನೆ ಕಿವುಡಾಗುತ್ತಿದ್ದವು. ನಡೆಸುವವರು ಊಟದ ನಂತರ ತೂಕಡಿಸುತ್ತಾರೆಂದು ಸಂಶಯಪಟ್ಟವರಿಗೆ ಕೊನೆಗೆ ತಿಳಿದುದು ಬೇರೆ: ಬಿಸಿಲಿಗೆ ಮೇಲ್ನೀರು ಕಾಯ್ದು, ಶಬ್ದವು ಕೆಳಮುಖವಾಗಿ ಬಾಗಿ, ಕೇಳುವವರನ್ನು ತಪ್ಪಿಸಿ ಹೋಗುತ್ತಿತ್ತು. ಬಡಪಾಯಿ ಸೇವಕರ ಮೇಲೆ ಹೊರಿಸಿದ ತಪ್ಪು ಸೂರ್ಯನದಾಗಿತ್ತು!

ಇಂಥ ಹಾದಿಯಲ್ಲಿ ಮನುಷ್ಯರ ಮಾತನ್ನು ಇದ್ದಂತೆಯೇ ಕಳುಹಿಸಿದರೆ ಏನಾಗುತ್ತದೆಂಬುದನ್ನು 1963ರ ಏಪ್ರಿಲ್ 10ರಂದು ಜಗತ್ತು ಕಂಡಿತು. ಅಮೆರಿಕದ 'ಥ್ರೆಶರ್' ಎಂಬ ಜಲಾಂತರ್ಗಾಮಿಯು ಅಟ್ಲಾಂಟಿಕ್ ಸಾಗರದಲ್ಲಿ ಆಳದ ಪರೀಕ್ಷೆಗೆ ಇಳಿದಿತ್ತು. ಮೇಲೆ 'ಸ್ಕೈಲಾರ್ಕ್' ಎಂಬ ಹಡಗು ನೀರೊಳಗಿನ ದೂರವಾಣಿಯನ್ನು ಹಿಡಿದು ಕಾಯುತ್ತಿತ್ತು. ಸಣ್ಣ ತೊಂದರೆಯೊಂದು ಬಂದಿದೆ, ಮೇಲೇರಲು ಯತ್ನಿಸುತ್ತಿದ್ದೇವೆ ಎಂಬ ಅರ್ಥದ ಮಾತು ಬಂತು. ಅನಂತರ ಬಂದ ಮಾತುಗಳು ಕಲಸಿಹೋಗಿದ್ದವು. ಹಡಗಿನಲ್ಲಿ ಕೇಳಿದವರೇ, ತಾವು ಕೇಳಿದ್ದೇನೆಂಬುದರಲ್ಲಿ ಒಬ್ಬರನ್ನೊಬ್ಬರು ಒಪ್ಪಲಿಲ್ಲ. ಜಲಾಂತರ್ಗಾಮಿಯಲ್ಲಿದ್ದ 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಮಾತು ಸ್ಪಷ್ಟವಾಗಿ ಕೇಳಿದ್ದರೆ ಅವರು ಉಳಿಯುತ್ತಿದ್ದರೆಂದು ಹೇಳಲಾಗದು. ಆದರೆ ಸಾಯುವವರ ಕೊನೆಯ ಮಾತು ಬದುಕಿರುವವರಿಗೆ ತಿಳಿಯದೆ ಹೋದುದು, ಅದರಿಂದ ಕಾರಣದ ಶೋಧನೆಯೂ ಮಸುಕಾದುದು ಸಣ್ಣ ನಷ್ಟವಲ್ಲ.

ಈಗಿನ ಯಂತ್ರಜ್ಞರು ಹಿಡಿದಿರುವ ದಾರಿಯನ್ನು ನೋಡಿದರೆ ಡಂಗುರದವನ ನೆನಪು ತಾನಾಗಿಯೇ ಬರುತ್ತದೆ. ಸಂದೇಶಕ್ಕೆ ಮೊದಲು ಒಂದು ಗೊತ್ತಾದ ನಾದವನ್ನು ಕಳುಹಿಸುತ್ತಾರೆ. ಅದು ಹಲಗೆಯ ಬಡಿತ. ಕೇಳುವ ಯಂತ್ರವು ಅದರಿಂದ ಎಚ್ಚೆತ್ತು, ಶ್ರುತಿ ಎಷ್ಟು ಕೆಟ್ಟಿದೆ, ಮಾರ್ದನಿಗಳು ಹೇಗೆ ಬರುತ್ತಿವೆ ಎಂಬುದನ್ನು ಅಳೆದುಕೊಂಡು ಮುಂದಿನ ಮಾತಿಗೆ ಸಿದ್ಧವಾಗುತ್ತದೆ. ಆಮೇಲೆ ಸಂದೇಶವನ್ನು ಅಂಕೆಗಳಾಗಿ ಒಡೆದು, ಒಂದೊಂದು ತುಣುಕನ್ನು ಒಂದೊಂದು ಶ್ರುತಿಯಲ್ಲಿ ಕಳುಹಿಸುತ್ತಾರೆ. ಭಜನೆಯ ಹಾರ್ಮೋನಿಯಮ್ಮಿನಲ್ಲಿ ಷಡ್ಜವನ್ನು ಒತ್ತಿ ಕೂಡಲೇ ಪಂಚಮಕ್ಕೆ ಹೋದರೆ, ಷಡ್ಜದ ಮಾರ್ದನಿ ಉಳಿದಿದ್ದರೂ ಅದನ್ನು ಪಂಚಮವೆಂದು ಯಾರೂ ತಪ್ಪಾಗಿ ತಿಳಿಯರಷ್ಟೆ? ಹಾಗೆಯೇ ಇದು. ಸಂದೇಶದ ಕೊನೆಗೆ ಒಂದು ತಾಳೆಯ ಅಂಕೆಯನ್ನು ಸೇರಿಸುತ್ತಾರೆ. ಕಿರಾಣಿ ಅಂಗಡಿಯ ಚೀಟಿಯಲ್ಲಿ ಬೆಲೆಗಳ ಮೊತ್ತ ಕೆಳಗಿನ ಸಂಖ್ಯೆಗೆ ಹೊಂದದಿದ್ದರೆ ಎಲ್ಲೋ ತಪ್ಪಾಗಿದೆಯೆಂದು ಗಿರಾಕಿಗೆ ತಿಳಿಯುತ್ತದೆ. ಆ ತಾಳೆಯ ಅಂಕೆಯೂ ಅಂಥದೇ. ತಪ್ಪಿದ್ದರೆ ಯಂತ್ರವು ಊಹಿಸಿ ಹೇಳುವುದಿಲ್ಲ, "ಸರಿಯಾಗಿ ಬರಲಿಲ್ಲ" ಎಂದು ಒಪ್ಪಿಕೊಳ್ಳುತ್ತದೆ. ಥ್ರೆಶರಿನ ಮಾತನ್ನು ಕೇಳಿದವರಿಗೆ ಈ ಸೌಕರ್ಯ ಇರಲಿಲ್ಲ. ಮನುಷ್ಯನ ಕಿವಿಗೆ ಕೇಳದುದನ್ನು ಮನಸ್ಸು ತುಂಬಿಕೊಂಡುಬಿಡುತ್ತದೆ.

2017ರಲ್ಲಿ ಉತ್ತರ ಅಟ್ಲಾಂಟಿಕ್ ಒಪ್ಪಂದದ ರಾಷ್ಟ್ರಗಳು 'ಜೇನಸ್' ಎಂಬ ಒಂದು ಸಮಾನ ಕ್ರಮವನ್ನು ಅಂಗೀಕರಿಸಿದವು. ಬೇರೆಬೇರೆ ದೇಶದವರು ಮಾಡಿದ ಯಂತ್ರಗಳು ನೀರಿನೊಳಗೆ ಒಂದೇ ಭಾಷೆಯಲ್ಲಿ ಮಾತಾಡಲೆಂದು ಮಾಡಿಕೊಂಡ ಏರ್ಪಾಡು ಅದು. ಅದರ ವೇಗವನ್ನು ಕೇಳಿದರೆ ಇಂದಿನ ಮಕ್ಕಳಿಗೆ ನಗು ಬರಬಹುದು. ಸೆಕೆಂಡಿಗೆ ಸುಮಾರು ಹತ್ತು ಅಕ್ಷರಗಳಷ್ಟು ಮಾತ್ರ! ಕೈಯಲ್ಲಿ ಹಿಡಿದ ದೂರವಾಣಿಯಲ್ಲಿ ಚಲನಚಿತ್ರವನ್ನೇ ನೋಡುವ ಕಾಲದಲ್ಲಿ ಇದೆಂಥ ಪ್ರಗತಿ ಎನಿಸಬಹುದು. ಆದರೆ ಆ ನಿಧಾನವು ಅಸಮರ್ಥರ ನಿಧಾನವಲ್ಲ. ವೇಗವನ್ನು ಬಲ್ಲವರೇ ಬೇಕೆಂದು ಬಿಟ್ಟುಕೊಟ್ಟುದು ಅದು.

ಈ ಸಂಯಮವನ್ನು ಎಲ್ಲರೂ ಒಪ್ಪುವುದಿಲ್ಲ. ಚಿತ್ರಗಳು ಬೇಕು, ತಡೆಯಿಲ್ಲದ ಸಂಭಾಷಣೆ ಬೇಕು, ಅಳತೆಗಳೆಲ್ಲವೂ ಕ್ಷಣಕ್ಷಣಕ್ಕೆ ಹಡಗಿಗೆ ಬರಬೇಕು ಎಂಬ ಬೇಡಿಕೆಗಳು ಸಹಜವಾಗಿಯೇ ಏಳುತ್ತವೆ. ಅವುಗಳಲ್ಲಿ ಹುರುಳಿಲ್ಲವೆನ್ನಲಾಗದು. ಕತ್ತಲೆಯ ಗೋಳದಲ್ಲಿ ಕುಳಿತವನಿಗೆ ಮೇಲಿನವರ ದನಿ ಕೇಳಿದರೆ ಉಂಟಾಗುವ ಧೈರ್ಯವನ್ನು ಅಂಕೆಗಳು ಕೊಡಲಾರವು. ಕೈಗಳೆರಡೂ ಯಂತ್ರದ ಮೇಲಿರುವಾಗ ಬಾಯಿಂದ ಹೇಳುವುದೇ ಸುಲಭ. ಆದುದರಿಂದ ದನಿಯ ದೂರವಾಣಿ ಇರಲಿ. ಹತ್ತಿರದ ಕೆಲಸಕ್ಕೆ ವೇಗದ ಯಂತ್ರಗಳೂ ಇರಲಿ. ಆದರೆ ಅವು ಕೈಕೊಟ್ಟಾಗಲೂ ಕೈಬಿಡದ ಒಂದು ಸಣ್ಣ, ನಿಧಾನವಾದ, ಗಟ್ಟಿಯಾದ ಹಾದಿಯನ್ನು ಮೊದಲು ಕಟ್ಟಿ, ಉಳಿದುದನ್ನು ಅದರ ಮೇಲೆ ಕಟ್ಟಬೇಕು. ಬಹುಪಾಲು ಯೋಜನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ನೋಡುವವರ ಕಣ್ಣಿಗೆ ಹಬ್ಬವಾಗುವುದನ್ನು ಮೊದಲು ಮಾಡಿ, ಗಟ್ಟಿಯಾದುದನ್ನು ಹಣ ಉಳಿದರೆ ಮಾಡುವುದು ಲೋಕದ ರೂಢಿ.

ಗಟ್ಟಿಯಾದ ಸಂದೇಶವು ಕೂಡ ಒಂದು ವಿಷಯದಲ್ಲಿ ಮೋಸ ಮಾಡಬಲ್ಲದು. 2023ರ ಜೂನ್ 18ರಂದು 'ಟೈಟನ್' ಎಂಬ ಖಾಸಗಿ ಮುಳುಗುನೌಕೆಯು ಐವರನ್ನು ಹೊತ್ತು, ಅಟ್ಲಾಂಟಿಕ್ ತಳದಲ್ಲಿ ಬಿದ್ದಿರುವ ಟೈಟಾನಿಕ್ ಹಡಗನ್ನು ನೋಡಲು ಇಳಿಯಿತು. ಅದಕ್ಕೂ ಮೇಲಿನ ಹಡಗಿಗೂ ನಡುವೆ ಶಬ್ದದ ಮೂಲಕ ಸಣ್ಣ ಸಣ್ಣ ಲಿಖಿತ ಸಂದೇಶಗಳು ಓಡಾಡುತ್ತಿದ್ದವು. ಇಳಿಯತೊಡಗಿ ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ, 3300 ಮೀಟರಿಗಿಂತ ಆಳದಲ್ಲಿ, ಎರಡು ತೂಕಗಳನ್ನು ಕಳಚಿದ್ದೇವೆಂಬ ಸಂದೇಶವನ್ನು ನೌಕೆಯವರು ಕಳುಹಿಸಿದರು. ಮರುಕ್ಷಣದಲ್ಲಿಯೇ ನೀರಿನ ಒತ್ತಡಕ್ಕೆ ನೌಕೆಯ ಒಡಲು ನುಚ್ಚುನೂರಾಯಿತು. ಆ ಸದ್ದು ಹಡಗಿನವರಿಗೆ ಕೇಳಿಸಿತು. ಇದೇನು ಸದ್ದೆಂದು ಅವರು ಅಚ್ಚರಿಪಟ್ಟರು. ಅದಾದ ಕೆಲವು ಸೆಕೆಂಡುಗಳಿಗೆ, ಮೊದಲೇ ಹೊರಟಿದ್ದ ಸಂದೇಶವು ಪರದೆಯ ಮೇಲೆ ಮೂಡಿತು. ನಿಧಾನವಾದ ಯಂತ್ರಗಳ ಮೂಲಕ ಬರಬೇಕಾದುದರಿಂದ ಅದು ಸದ್ದಿಗಿಂತ ಹಿಂದೆ ಬಿದ್ದಿತ್ತು. ಸದ್ದಿನ ಬಳಿಕ ಸಂದೇಶ ಬಂದುದನ್ನು ಕಂಡು, ನೌಕೆ ಕ್ಷೇಮವಾಗಿದೆಯೆಂದು ಮೇಲಿನವರು ನಂಬಿದರು. ಆಗಲೇ ಐವರೂ ಇರಲಿಲ್ಲ.

ಸಂಪರ್ಕದ ದೋಷದಿಂದ ಆ ದುರಂತ ನಡೆಯಿತೆಂದು ಹೇಳಿದರೆ ತಪ್ಪಾಗುತ್ತದೆ. ನೌಕೆಯ ಒಡಲಿನ ದೋಷವೇ ಕಾರಣವಾಗಿತ್ತು. ಆದರೆ ಅನಂತರ ನಡೆದುದು ಈ ಪಾಠದ ವಿಷಯಕ್ಕೆ ಸೇರಿದ್ದು. ಮತ್ತೆ ಸಂದೇಶ ಬರಲಿಲ್ಲ. ಆ ಮೌನವು ಯಂತ್ರದ ಕೊರತೆಯೋ ಜನರ ಸಾವೋ ಎಂಬುದು ತಿಳಿಯದೆ, ರಕ್ಷಣೆಯವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಲವು ಗಂಟೆಗಳು ಕಳೆದಿದ್ದವು. ಬಂದ ಸಂದೇಶವು ಹಳೆಯ ಸುದ್ದಿಯನ್ನು ಹೊಸದೆಂಬಂತೆ ಹೇಳಿತು. ಬಾರದ ಸಂದೇಶವು ಏನನ್ನೂ ಹೇಳಲಿಲ್ಲ.

ಉತ್ತರ ಕರ್ನಾಟಕದ ಹಳೆಯ ಒಕ್ಕಲು ಮನೆಗಳವರಿಗೆ ಮೌನದ ಅರ್ಥ ಗೊತ್ತಿತ್ತು. ಅಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಹುದಿನ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಆತುರದಿಂದ ಇಳಿದು ಪ್ರಾಣ ಬಿಟ್ಟವರುಂಟು. ಆದುದರಿಂದ ಬುದ್ಧಿವಂತರು ಬಾಯಿಯನ್ನು ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ನಿಂತು ಮಾತಾಡಿಸುತ್ತಲೇ ಇರುತ್ತಿದ್ದರು. "ಯಪ್ಪಾ, ಆರಾಮದೀಯೇನೋ?" "ಹೂಂ." ಈ 'ಹೂಂ' ಎಂಬುದರಲ್ಲಿ ಸುದ್ದಿಯೇನೂ ಇಲ್ಲ. ಅದು ಬಂದರೆ ಜೀವವಿದೆ. ಬಾರದಿದ್ದರೆ ಹಗ್ಗವನ್ನು ಎಳೆಯಬೇಕು. ಕಾರಣವನ್ನು ವಿಚಾರಿಸುತ್ತ, ಬಹುಶಃ ಕೇಳಿಸಲಿಲ್ಲವೇನೋ ಎಂದು ಸಮಾಧಾನ ಹೇಳಿಕೊಳ್ಳುತ್ತ ನಿಂತರೆ ಕೆಳಗಿನವನು ಉಳಿಯನು.

ಕಡಲಾಳದ ಸಂಪರ್ಕವನ್ನು ರೂಪಿಸುವವರು ಮೊದಲು ಏರ್ಪಡಿಸಬೇಕಾದುದು ಈ 'ಹೂಂ' ಎಂಬ ಉತ್ತರವನ್ನು. ಗೊತ್ತಾದ ಅವಧಿಗೊಮ್ಮೆ ಕೆಳಗಿನಿಂದ ಒಂದು ಸಣ್ಣ ಗುರುತು ಬರಬೇಕು. ಅದು ಹೊರಟ ಹೊತ್ತು ಅದರಲ್ಲಿಯೇ ನಮೂದಾಗಿರಬೇಕು, ಹಳೆಯ ಸುದ್ದಿ ಹೊಸದರ ವೇಷ ಹಾಕಬಾರದು. ಮೇಲಿನಿಂದ ಅದಕ್ಕೆ ಮರುಗುರುತು ಹೋಗಬೇಕು. ಒಮ್ಮೆ ತಪ್ಪಿದರೆ ಏನು, ಎರಡನೆಯ ಬಾರಿ ತಪ್ಪಿದರೆ ಏನು ಎಂಬುದು ನೌಕೆ ಇಳಿಯುವ ಮೊದಲೇ ಬರಹದಲ್ಲಿ ಗೊತ್ತಾಗಿರಬೇಕು. ಕೆಳಗಿನವರು ಯಾರನ್ನೂ ಕೇಳದೆ ಭಾರವನ್ನು ಕಳಚಿ ಮೇಲಕ್ಕೆ ಬರಬೇಕು. ಮೇಲಿನವರು ಯಾರ ಅಪ್ಪಣೆಗೂ ಕಾಯದೆ ರಕ್ಷಣೆಯವರನ್ನು ಕರೆಯಬೇಕು. ಆಗ ಮೌನಕ್ಕೂ ಒಂದು ಅರ್ಥ ಬರುತ್ತದೆ. ಸಂಪರ್ಕ ಕಡಿದಾಗಲೂ ಇಬ್ಬರೂ ಒಂದೇ ಬಗೆಯಾಗಿ ನಡೆದುಕೊಳ್ಳುವಂತಾದರೆ ಅದೂ ಒಂದು ಸಂಪರ್ಕವೇ. ಸುಳ್ಳು ಎಚ್ಚರಿಕೆಯಿಂದ ಒಂದು ದಿನದ ಕೆಲಸ ಹಾಳಾಗಬಹುದು, ಹಣ ವ್ಯರ್ಥವಾಗಬಹುದು ಎಂಬ ಆಕ್ಷೇಪಣೆಗೆ ಹಗೇವಿನ ಬಾಯಿಯಲ್ಲಿ ನಿಂತವನ ಉತ್ತರವೇ ಸಾಕು.

'ಮತ್ಸ್ಯ 6000' ನೌಕೆಯನ್ನು 2025ರ ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲಿ ಚೆನ್ನೈ ಸಮೀಪದ ಕಾಟ್ಟುಪಳ್ಳಿ ಬಂದರಿನ ನೀರಿನಲ್ಲಿ ಪರೀಕ್ಷಿಸಿದರು. ತೇಲುವಿಕೆ, ವಿದ್ಯುತ್ತು, ಚಾಲನೆಗಳು ಸಮಾಧಾನ ತಂದವು. ಆದರೆ ಬಂದರಿನಲ್ಲಿ ಆಳ ಕಡಿಮೆಯಿದ್ದುದರಿಂದ ನೀರೊಳಗಿನ ದನಿಯ ಸಂಪರ್ಕವು ಬಹುಮಟ್ಟಿಗೆ ಕುಂಠಿತವಾಯಿತೆಂದು ಸರ್ಕಾರದ ಪ್ರಕಟಣೆಯೇ ತಿಳಿಸಿತು. ಮುಚ್ಚಿಡದೆ ಹೇಳಿದುದು ಮೆಚ್ಚತಕ್ಕ ಮಾತು. ಗೋಲಗುಮ್ಮಟದ ದೃಷ್ಟಾಂತವನ್ನು ನೆನೆದವರಿಗೆ ಕಾರಣವೂ ಹೊಳೆಯುತ್ತದೆ: ಮಾಡೂ ನೆಲವೂ ಹತ್ತಿರವಾದಷ್ಟೂ ಮಾರ್ದನಿಯ ಹಾವಳಿ ಹೆಚ್ಚು. ಆಳ ಸಮುದ್ರಕ್ಕೆ ಹೋದರೆ ಈ ತೊಂದರೆ ಕಡಿಮೆಯಾಗುವುದು ನಿಜ. ಆದರೆ ನೌಕೆಯು ಪ್ರತಿಸಲವೂ ಬಂದರಿನಿಂದಲೇ ಹೊರಟು, ಮೇಲ್ನೀರಿನ ಮೂಲಕವೇ ಮರಳಬೇಕು. ಕಷ್ಟದ ನೀರಿನಲ್ಲಿ ಮಾತಾಡಲು ಕಲಿತ ಯಂತ್ರವೇ ನೆಚ್ಚಿಗೆಗೆ ಯೋಗ್ಯ.

ಕಷ್ಟದ ನೀರಿಗೆ ಯಾದಗಿರಿ ಜಿಲ್ಲೆಯಲ್ಲಿ ಕೊರತೆಯಿಲ್ಲ. 1982ರಲ್ಲಿ ಪೂರ್ಣಗೊಂಡ ಬಸವಸಾಗರದ ಕಟ್ಟೆಯು ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದ್ದು, ಸುಮಾರು 30 ಮೀಟರು ಮಾತ್ರ ಎತ್ತರವಾಗಿದೆ. ಹಿಂದೆ ಸುರಪುರ ತಾಲ್ಲೂಕಿಗೂ ಈಗ ಹುಣಸಗಿ ತಾಲ್ಲೂಕಿಗೂ ಸೇರಿದ ಆ ಜಲರಾಶಿಯು ಅಗಲವಾದದ್ದು, ಆಳ ಕಡಿಮೆಯಾದದ್ದು, ಬಂಡೆಗಳ ಮೇಲೆ ನಿಂತದ್ದು. ನೀರಾವರಿಗೆಂದು ಕಟ್ಟಿದ ಜಲಾಶಯದಲ್ಲಿ ಸಮುದ್ರದ ವಿದ್ಯೆಯೆ ಎಂದು ನಗಬೇಕಾಗಿಲ್ಲ. ಕೊಚ್ಚಿಯ ನೌಕಾ ಭೌತ ಮತ್ತು ಸಾಗರಶಾಸ್ತ್ರ ಪ್ರಯೋಗಾಲಯದವರು ತಮ್ಮ ಶಬ್ದಯಂತ್ರಗಳನ್ನು ಪರೀಕ್ಷಿಸುವುದು ಕೇರಳದ ಗುಡ್ಡಗಳ ನಡುವಿನ ಇಡುಕ್ಕಿ ಜಲಾಶಯದ ಕುಳಮಾವು ಎಂಬಲ್ಲಿ. 2024ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಹೊಸದೊಂದು ತೇಲುವೇದಿಕೆಯನ್ನೂ ಆರಂಭಿಸಿದರು. ನಮ್ಮ ನೌಕಾಪಡೆಯ ಹಡಗುಗಳಿಗೆ ಸೋನಾರ್ ಯಂತ್ರಗಳನ್ನು ಮಾಡಿಕೊಡುವ ಭಾರತ್ ಎಲೆಕ್ಟ್ರಾನಿಕ್ಸ್ ಇರುವುದು ಕಡಲಿನಿಂದ ದೂರದ ಬೆಂಗಳೂರಿನಲ್ಲಿ. ಸಿಹಿನೀರು ಉಪ್ಪುನೀರಿನಷ್ಟು ಶಬ್ದವನ್ನು ಹೀರುವುದಿಲ್ಲವಾದ್ದರಿಂದ ಜಲಾಶಯವು ಎಲ್ಲವನ್ನೂ ಕಲಿಸಲಾರದು. ಮಾರ್ದನಿಯನ್ನು ಮಾತ್ರ ಅದು ಚೆನ್ನಾಗಿಯೇ ಕಲಿಸೀತು.

ಆರಂಭಕ್ಕೆ ಬೇಕಾದುದು ಅಲ್ಪ. ಎರಡು ದೋಣಿಗಳು, ನೀರಿಗೆ ಇಳಿಬಿಡುವ ಒಂದು ಶಬ್ದೋತ್ಪಾದಕ, ಎರಡು ಜಲಧ್ವನಿಗ್ರಾಹಿಗಳು, ಒಂದು ಗಣಕಯಂತ್ರ, ಬರೆದುಕೊಳ್ಳಲು ಒಂದು ಪುಸ್ತಕ. ಹತ್ತಿರದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಮೀನುಗಾರರ ಬಲೆಗಳಿಗೆ ಅಡ್ಡಿಯಾಗದಂತೆ, ಅಣೆಕಟ್ಟೆಯ ಅಧಿಕಾರಿಗಳ ಅನುಮತಿ ಪಡೆದು, ಒಂದು ವರ್ಷ ಅಲ್ಲಿ ಕೆಲಸ ಮಾಡಬಹುದು. ಬೆಳಿಗ್ಗೆ ಕಳುಹಿಸಿದ ನೂರು ಸಂದೇಶಗಳಲ್ಲಿ ಎಷ್ಟು ಸರಿಯಾಗಿ ತಲುಪಿದವು, ವೈಶಾಖದ ಮಧ್ಯಾಹ್ನ ಮೇಲ್ನೀರು ಕಾಯ್ದಾಗ ಎಷ್ಟು, ಬಾಗಿಲು ತೆರೆದು ಹೊಳೆ ಮೊರೆಯುವಾಗ ಎಷ್ಟು ಎಂಬುದನ್ನು ಬರೆದಿಡಬಹುದು. ತಲುಪದ ಸಂದೇಶಗಳ ಲೆಕ್ಕವನ್ನು ಬೇರೆಯೇ ಒಂದು ಪುಟದಲ್ಲಿ, ಗಳಿಗೆ ಸಹಿತವಾಗಿ, ಬರೆಯುವುದು ಒಳ್ಳೆಯದು. ಆಳಕ್ಕೆ ಇಳಿಯಲಿರುವ ಮೂವರು ಮೊದಲು ಓದಬೇಕಾದ ಪುಟ ಅದೇ.